ಒಂದೇ ಗೆಣ್ಣಿಗೆ ಎರಡು ಸಲ

ಟಪ್, ಸ್ವಲ್ಪ ತಡೆದು ಮತ್ತೆ ಟಪ್, ಬಚ್ಚಲಿನ ನಲ್ಲಿಯೋ ಹಿತ್ತಲಿನದೋ, ವಾಷರ್ ಹಾಕಿಸಬೇಕು ಹಾಕಿಸಬೇಕು ಅಂತ ಹೇಳುತ್ತಲೇ ವರ್ಷ ಕಳೆಯಿತು, ಕೆಲಸದ ಮುನಿಗಂಗಮ್ಮ ನಡುಮನೆಯಲ್ಲಿ ಬಕೆಟ್ಟು ಎಳೆದಾಡುತ್ತಿದ್ದಾಳೆ, ಬೀದಿಯಲ್ಲಿ ಟೊಮೇಟೊ ಲಾರಿಯೊಂದು ಗೇರು ಬದಲಿಸಿ ನರಳುತ್ತ ಹೋಯಿತು, ಕಿಟಕಿಯ ಗಾಜು ಗಡಗಡ ಅಂದು ಸುಮ್ಮನಾಯಿತು, ಇಷ್ಟೂ ಕಿವಿಗೆ ಬೀಳುತ್ತಿದ್ದರೂ ಶ್ರೀವಾಣಿಯ ಕಣ್ಣು ಮಾತ್ರ ಪರದೆಯ ಮೇಲಿನ ಆ ಒಂದು ಸಾಲನ್ನು ಬಿಟ್ಟು ಕದಲಲಿಲ್ಲ — ನಿಯಮ ಉತ್ತರ ಕೊಟ್ಟಿಲ್ಲ, ಕಾರ್ತೀಕ ಬಹುಳ ಪಂಚಮಿ. ಇಂಗ್ಲಿಷ್ ಅಕ್ಷರದಲ್ಲಿ ಅವಳೇ ಬರೆದಿಟ್ಟ ಸಾಲು ಅದು, ಬರೆದದ್ದೂ ಇವತ್ತೇ, ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು. ಪ್ರೆಸ್ಸಿನ ಆವಲಪ್ಪ ಒಂದು ಗಂಟೆಯ ಬಸ್ಸಿಗೆ ಕೋಲಾರದಿಂದ ಬರುತ್ತಾನೆ, ಅಚ್ಚಿಗೆ ಫ್ಲಾಪಿ ಕೊಡಬೇಕು, ಯುಗಾದಿಗೆ ಇನ್ನು ಹದಿನೆಂಟೇ ದಿನ ಮೇಡಂ ಅಂತ ಮೂರು ಸಲ ಫೋನು ಮಾಡಿದ್ದಾನೆ, ಕೊಡುವ ಮೊದಲು ಒಂದಿಷ್ಟು ಗುಡಿಸಿ ಸಾರಿಸಿ ಕೊಡೋಣ ಅಂತ ಅವಳು ಪ್ರೋಗ್ರಾಮಿನೊಳಗೆ ಒಂದು ಪುಟ್ಟ ಕಾವಲು ಹಾಕಿದಳು, ಬಂದ ಉತ್ತರ ನಿಜಕ್ಕೂ ಉತ್ತರವೇ ಹೌದಾ ನೋಡು, ಅಲ್ಲದಿದ್ದರೆ ನಿಂತು ಹೇಳು, ಅಷ್ಟೇ. ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ವರ್ಷವರ್ಷವೂ ಬೋರ್ಡು ಬಡಿದು ಹೇಳುವ ಮಾತು, ಮನೆಯ ಕೆಲಸದಲ್ಲಿ ಮಾತ್ರ ಹಾಕಿರಲಿಲ್ಲ. ಹಾಕಿದ ಮೇಲೆ ಪರೀಕ್ಷೆಗೆಂದು ಹೋದ ವರ್ಷದ ತಿಥಿಹಾಳೆಯನ್ನೇ ಮತ್ತೆ ಓಡಿಸಿದಳು, ಅಚ್ಚಾಗಿ ಎಲ್ಲರ ಮನೆಯ ಬಾಗಿಲ ಹಿಂದೆ ಅಂಟಿಕೊಂಡಿರುವ ಹಾಳೆ, ಅದರಲ್ಲೇನಿರುತ್ತದೆ ತಪ್ಪು, ಚೈತ್ರ ಓಡಿತು, ಶ್ರಾವಣ ಓಡಿತು, ಆಶ್ವೀಜ ಓಡಿತು, ಕಾರ್ತೀಕದಲ್ಲಿ ನಿಂತಿತು. ಕಾರ್ತೀಕ ಬಹುಳ ಪಂಚಮಿ ಅಮ್ಮನ ತಿಥಿ.

ಬಹುಶಃ ಕಾವಲೇ ತಪ್ಪಿರಬಹುದು, ಇನ್ನೊಂದು ಸಲ ಓಡಿಸು, ಓಡಿಸಿದಳು, ಅಲ್ಲೇ ನಿಂತಿತು, ಅಣ್ಣ ಇದ್ದಿದ್ದರೆ ಒಂದು ಮಾತು ಕೇಳಬಹುದಿತ್ತು — ಅಣ್ಣ ಅಂದರೆ ಅಪ್ಪ, ಈ ಮನೆಯಲ್ಲಿ ಅಪ್ಪನನ್ನು ಕರೆಯುವುದೇ ಹಾಗೆ, ಮುಳಬಾಗಿಲಿನ ಚಂದ್ರಶೇಖರ ಶಾಸ್ತ್ರಿಗಳು, ಪುಷ್ಯದಲ್ಲಿ ಹೋದರು, ಇನ್ನೂ ಎರಡು ತಿಂಗಳೂ ತುಂಬಿಲ್ಲ, ಅವರ ಬೆತ್ತದ ಕುರ್ಚಿಯ ಸೀಟಿನಲ್ಲಿ ಅವರು ಕೂತ ಗುಳಿ ಹಾಗೇ ಇದೆ. ನಲವತ್ತು ವರ್ಷ ಈ ಊರಿಗೆ ತಿಥಿಹಾಳೆ ಬರೆದುಕೊಟ್ಟವರು, ಉದ್ದನೆಯ ಒಂದೇ ಒಂದು ಹಾಳೆ, ಯಾವ ತಿಥಿಯಲ್ಲಿ ತೀರಿಕೊಂಡವರ ವರ್ಷದ ಕಾರ್ಯ ಈ ಸಲ ಯಾವ ವಾರ, ಏಕಾದಶಿ ಯಾವತ್ತು, ನಾನೂರು ಮನೆಯವರು ಅದನ್ನು ನೋಡಿ ಎಲೆ ಹಾಕುತ್ತಾರೆ, ಶಾಸ್ತ್ರಿಗಳ ಹಾಳೇಲಿ ಏನಿದೆ ನೋಡು ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ಅಷ್ಟು ನಂಬಿಕೆ. ತೊಂಬತ್ತೊಂಬತ್ತರ ಬೇಸಿಗೆ ರಜೆಯಲ್ಲಿ ಅವಳು ಇದನ್ನೆಲ್ಲ ಸಿ ಭಾಷೆಯಲ್ಲಿ ಪ್ರೋಗ್ರಾಮು ಮಾಡಿಕೊಡ್ತೀನಿ ಅಂದಳು, ದೊಡ್ಡ ಹಮ್ಮು ಆಗ, ಸೂರ್ಯ ಚಂದ್ರರ ಲೆಕ್ಕ ತಾನೇ ಅಣ್ಣಾ, ಯಂತ್ರಕ್ಕೆ ಕಷ್ಟವೇ. ಲೆಕ್ಕ ಕಷ್ಟವಾಗಲಿಲ್ಲ, ವಾರದಲ್ಲಿ ಮುಗಿಯಿತು. ಕಷ್ಟವಾದದ್ದು ಅಣ್ಣನ ಬಾಯಿ. ಇವತ್ತು ಒಂದು ನಿಯಮ ಹೇಳುವುದು, ಅವಳು ಬರೆಯುವುದು, ನಾಳೆ ಸಂಧ್ಯಾವಂದನೆ ಮುಗಿಸಿ ಬಂದು ಅದು ಹಾಗಲ್ಲ ಕಣೇ ವಾಣಿ, ಒಂದು ಬಿಟ್ಟುಹೋಗಿತ್ತು ಅನ್ನುವುದು, ಮತ್ತೆ ಕೋಡಿನ ಹೊಟ್ಟೆ ಸೀಳಿ ಅದನ್ನು ತುರುಕುವುದು, ಮತ್ತೆ ಇಡೀ ಪ್ರೋಗ್ರಾಮು ಕಂಪೈಲ್ ಮಾಡುವುದು, ಸೆಕೆಂಡ್‌ಹ್ಯಾಂಡ್ ಕಂಪ್ಯೂಟರು ಏದುಸಿರು ಬಿಡುತ್ತಿತ್ತು, ಅಣ್ಣ ಪಕ್ಕದಲ್ಲಿ ಕೂತು ನೋಡುತ್ತಿದ್ದರು, ಒಂದು ದಿನ ಕೇಳಿಯೇಬಿಟ್ಟರು, ಅಲ್ವೇ, ನನ್ನ ಮಾತು ಒಂದು ಬದಲಾದರೆ ಮನೆ ಪೂರ್ತಿ ಕೆಡವಿ ಕಟ್ಟಬೇಕೇನೇ? ಅವಳಿಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು, ಮಾತು ನಿಜವಾಗಿತ್ತು.

ಆಗ ಸಿಕ್ಕಿದ್ದು ಆ ಪುಟ್ಟ ಭಾಷೆ, ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿ, ಲುವಾ ಅಂತ, ಬ್ರೆಜಿಲಿನವರು ಮಾಡಿದ್ದು, ತಾನೇ ಒಂದು ಮನೆ ಕಟ್ಟುವ ಭಾಷೆಯಲ್ಲ, ಇನ್ನೊಬ್ಬರ ಸಿ ಪ್ರೋಗ್ರಾಮಿನ ಒಳಗೆ ಒಂದು ಕೋಣೆ ಹಿಡಿದು ಇರುವಂಥದ್ದು. ಸಿ ಹೊರಗಿನ ದುಡಿಮೆ ಮಾಡುತ್ತದೆ, ಗ್ರಹಗಣಿತ, ಸೂರ್ಯೋದಯ, ತಿಥಿಯ ಮೊದಲು ಕೊನೆ, ಎಲ್ಲ ಎತ್ತಿ ತಂದು ಒಳಗಿನವರ ಮುಂದಿಟ್ಟು ಕೇಳುತ್ತದೆ, ಇಂಥಿಂಥ ಗಳಿಗೆಗೆ ಶುರು, ಇಂಥ ಗಳಿಗೆಗೆ ಮುಗಿತು, ಯಾವ ದಿನ ಹೇಳಿ? ಒಳಗೆ ಕೂತ ಇಂಟರ್‌ಪ್ರಿಟರು ಅಣ್ಣನ ನಿಯಮದ ಕಡತ ತೆಗೆದು, ಸಾಲು ಸಾಲು ಓದಿ, ಉತ್ತರ ಕೊಡುತ್ತದೆ. ಇಬ್ಬರ ನಡುವೆ ಕೊಟ್ಟು ತೆಗೆದುಕೊಳ್ಳುವುದಕ್ಕೆ ಒಂದು ಅಡಕು, ಸ್ಟ್ಯಾಕು, ಊಟದೆಲೆಯ ಕಟ್ಟಿನ ಹಾಗೆ, ಒಂದರ ಮೇಲೊಂದು ಇಡಬೇಕು, ಮೇಲಿನದನ್ನೇ ಮೊದಲು ತೆಗೆಯಬೇಕು, ಕೇಳಿದ್ದಕ್ಕೆ ಉತ್ತರ ಯಾವಾಗಲೂ ಮೇಲುಗಡೆ. ಕಡತ ಬದಲಾಯಿಸಿದರೆ ಸಾಕು, ಮನೆ ಕೆಡವಬೇಕಿಲ್ಲ. ಅವರ ಭಾಷೆಯಲ್ಲಿ ಆ ಹೆಸರಿಗೆ ಚಂದ್ರ ಅಂತ ಅರ್ಥವಂತೆ ಅಣ್ಣಾ ಅಂದಾಗ ಎಷ್ಟು ಖುಷಿಪಟ್ಟಿದ್ದರು, ಓಹೋ, ತಿಥಿ ಕೇಳೋಕೆ ನೆಟ್ಟಗೆ ಅವನನ್ನೇ ಕರ್ಕೊಂಡು ಬಂದು ಕೂರಿಸಿದ್ದೀಯಾ, ಒಳ್ಳೇದು ಒಳ್ಳೇದು. ಆಮೇಲೆ ಎರಡು ವರ್ಷ ಸಂಜೆಸಂಜೆಯೂ ಅದೇ ಕೆಲಸ, ಅವರು ಹೇಳುವುದು, ಅವಳು ಟೈಪು ಮಾಡುವುದು, ಪ್ರಿಂಟರು ಕಿರ್ರೋ ಅಂತ ಉಗುಳಿದ ಉದ್ದ ಕಾಗದದ ಮೇಲೆ ಅವರು ಕೆಂಪು ಪೆನ್ಸಿಲಿನಲ್ಲಿ ತಿದ್ದುವುದು, ಅವರು ಹೇಳಿದ ಮಾತನ್ನೂ ಅವಳು ಹಾಗೇ ಸೇರಿಸುತ್ತಿದ್ದಳು, ನಿಯಮದ ಪಕ್ಕ ಎರಡು ಅಡ್ಡಗೆರೆ ಎಳೆದು, ಎರಡು ಅಡ್ಡಗೆರೆಯಾದ ಮೇಲೆ ಬರೆದದ್ದನ್ನು ಇಂಟರ್‌ಪ್ರಿಟರು ಓದುವುದಿಲ್ಲ, ಅದು ಮನುಷ್ಯರಿಗೆ. ನಡುವೆ ಕಾರ್ತೀಕದಲ್ಲಿ ಅಮ್ಮ ಹೋದಳು, ಅನಂತಲಕ್ಷ್ಮಿ, ಮೂರೇ ದಿನದ ಜ್ವರ, ಹದಿಮೂರು ದಿನ ಬಿಟ್ಟು ಅಣ್ಣ ಮತ್ತೆ ಬಂದು ಕೂತರು, ಬರಿ ವಾಣಿ, ಮುಗಿಸಿಬಿಡೋಣ, ಧ್ವನಿ ಮಾತ್ರ ಕೆಳಕ್ಕಿಳಿದಿತ್ತು. ಮಾಘದ ಆ ಸಂಜೆ ಕೊನೆಯ ನಿಯಮಕ್ಕೆ ಬಂದಿದ್ದರು. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು ಅಪರಾಹ್ಣ, ಒಂದೂಕಾಲರಿಂದ ಮೂರೂವರೆ, ಸತ್ತವರ ತಿಥಿ ಆ ಹೊತ್ತಿನಲ್ಲಿ ಯಾವ ದಿನ ಇರುತ್ತೋ ಕಾರ್ಯ ಆ ದಿನ, ಎರಡು ದಿನಕ್ಕೂ ಹರಿದಿದ್ದರೆ ಯಾವತ್ತು ಜಾಸ್ತಿಯೋ ಆವತ್ತು, ಎರಡು ದಿನವೂ ಆ ಹೊತ್ತನ್ನ ಪೂರ್ತಿ ತುಂಬಿಬಿಟ್ಟರೆ ಅಣ್ಣಾ? ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಅದು ಬಹಳ ಅಪರೂಪ ಕಣೇ, ನನ್ನ ಜನ್ಮದಲ್ಲಿ ಮೂರು ಸಲ ನೋಡಿದ್ದೀನೇನೋ, ತಲೆ ಭಾರ ಆಗಿದೆ ಇವತ್ತು, ರೇಪು ಚೆಪ್ತಾನು. ನಾಳೆ ಹೇಳ್ತೀನಿ ಅಂತ, ಮನೆಮಾತಿನಲ್ಲಿ, ತೆಲುಗಿನಲ್ಲಿ. ಅವಳು ಖಾಲಿ ನಿಯಮವೊಂದಕ್ಕೆ ಹೆಸರಿಟ್ಟು, ಒಳಗೆ ಏನೂ ಬರೆಯದೆ, ಎರಡು ಅಡ್ಡಗೆರೆ ಎಳೆದು, ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪು ಮಾಡಿದಳು, ರೇಪು ಚೆಪ್ತಾನು. ಬೆಳಿಗ್ಗೆ ಅಣ್ಣ ಬಚ್ಚಲಿನಲ್ಲಿ ಬಿದ್ದರು, ಬಲಗಡೆಯೆಲ್ಲ ಹೋಯಿತು, ಮಾತೂ ಹೋಯಿತು.

ಖಾಲಿ ನಿಯಮ ಏನು ಕೊಡುತ್ತದೆ? ಏನೂ ಕೊಡುವುದಿಲ್ಲ. ಆ ಏನೂ ಇಲ್ಲದ್ದನ್ನೇ ಎಲೆಯ ಕಟ್ಟಿನ ಮೇಲಿಟ್ಟು ಒಳಗೆ ಹೋಗುತ್ತದೆ, ಹೊರಗಿನ ಸಿ ಅದನ್ನು ಎತ್ತಿಕೊಂಡು ಸಂಖ್ಯೆ ಮಾಡಿಕೊಳ್ಳುತ್ತದೆ, ಏನೂ ಇಲ್ಲದ್ದನ್ನು ಸಂಖ್ಯೆ ಮಾಡಿದರೆ ಸೊನ್ನೆ. ಸೊನ್ನೆ ಅಂದರೆ ಮೊದಲನೆಯ ದಿನ, ಒಂದು ಅಂದರೆ ಮರುದಿನ, ಈ ಸಂಕೇತ ಇಟ್ಟವಳೂ ಅವಳೇ. ಹಾಗಾಗಿ ಗೊತ್ತಿಲ್ಲ ಅಂತ ಹೇಳಬೇಕಾದ ಕಡೆ ಯಂತ್ರ ಕಣ್ಣು ಮಿಟುಕಿಸದೆ ಮೊದಲ ದಿನ ಅಂದಿತು, ಮಂಗಳವಾರ ಅಂತ ಅಚ್ಚಾಯಿತು, ಅಣ್ಣನ ಹಾಳೆ ಅಂತ ನಾನೂರು ಮನೆ ನಂಬಿತು, ಮಂಗಳವಾರವೇ ಅಮ್ಮನಿಗೆ ಮೊದಲ ವರ್ಷದ ಪಿಂಡ ಇಟ್ಟರು, ಅದು ಸರಿಯೋ ತಪ್ಪೋ ಅಂತ ಹೇಳುವವರು ಬೂದಿಯಾದರು. ಫೋನು ಬಡಿದುಕೊಂಡಿತು, ಆವಲಪ್ಪ ಇರಬೇಕು, ಅಲ್ಲ, ವಂಶಿ, ತಮ್ಮ ವಂಶಿಕೃಷ್ಣ, ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಮೇಷ್ಟ್ರು, ಭಾನುವಾರ ಈ ಹೊತ್ತಿಗೆ ಮಾಡುತ್ತಾನೆ, ಅಕ್ಕಾ, ಹಾಳೇಲಿ ಅಣ್ಣನ ತಿಥಿ ಬಂತಾ, ಯಾವ ವಾರ ಬಿತ್ತು? ಬಂತು ಕಣೋ, ಗುರುವಾರ. ಹಾಗಾದ್ರೆ ಹಾಳೆ ಮುಗೀತಾ ಅಕ್ಕಾ? ಒಂದು ನಿಯಮ ಬಾಕಿ ಉಳಿದುಬಿಟ್ಟಿದೆ ವಂಶಿ, ಅಣ್ಣ ಹೇಳಿರಲಿಲ್ಲ. ಅಯ್ಯೋ, ಅದಕ್ಕೇನು, ನೀನೇ ಏನೋ ಒಂದು ಹಾಕು, ಯಾರು ನೋಡ್ತಾರೆ, ಅಪರೂಪಕ್ಕೆ ಬರೋದು ತಾನೇ. ಹೂಂ, ಇಡ್ತೀನಿ ಕಣೋ, ಆಮೇಲೆ ಮಾಡ್ತೀನಿ. ಏನೋ ಒಂದು ಹಾಕು. ಏನೋ ಒಂದು ಹಾಕಿದ್ದಕ್ಕೇ ಇದು ಆಗಿರುವುದು ಅಂತ ಹೇಳಲಾಗಲಿಲ್ಲ, ಪಿಂಡ ಇಟ್ಟ ಕೈ ಅವನದು. ಇಷ್ಟು ಅಪರೂಪದ್ದು ಮುಂದಿನ ಹಾಳೆಯಲ್ಲೂ ಮತ್ತೊಂದು ಬಂದಿದೆ, ವೈಶಾಖದಲ್ಲಿ, ಯಾರದೋ ಅಮ್ಮ, ಯಾರದೋ ತಾತ. ಗ್ರಂಥದಲ್ಲಿ ನೋಡಿದರೆ ಹೀಗೂ ಉಂಟು, ಹಾಗೂ ಉಂಟು, ಮನೆತನಕ್ಕೊಂದು ಪದ್ಧತಿ, ಬೇರೆಯವರನ್ನು ಕೇಳಿ ಹಾಕಿದರೆ ಅದು ಬೇರೆಯವರ ಹಾಳೆಯಾಗುತ್ತದೆ. ಅಣ್ಣ ಏನು ಹೇಳುತ್ತಿದ್ದರು? ಸೊನ್ನೆಯೋ ಒಂದೋ, ಅಷ್ಟೇ ಬೇಕಿರುವುದು, ಒಂದು ಮಾತು ಕೂಡ ಅಲ್ಲ.

ಟಪ್, ತಡೆದು, ಟಪ್. ಅಣ್ಣ ತಿಥಿ ಎಣಿಸುತ್ತಿದ್ದದ್ದು ಬೆರಳ ಗೆಣ್ಣಿನ ಮೇಲೆ, ಕಿರುಬೆರಳ ಬುಡದ ಗೆಣ್ಣು ಪಾಡ್ಯ, ಅದರ ಮೇಲಿನದು ಬಿದಿಗೆ, ತುದಿಯದು ತದಿಗೆ, ಉಂಗುರಬೆರಳ ಬುಡ ಚೌತಿ, ನಡುಗೆಣ್ಣು ಪಂಚಮಿ, ಹೆಬ್ಬೆರಳು ಹೀಗೆ ಹತ್ತುತ್ತ ಇಳಿಯುತ್ತ ಓಡಾಡುತ್ತಿತ್ತು, ಮಾತಾಡುತ್ತಿದ್ದರೂ ಅದು ನಿಲ್ಲುತ್ತಿರಲಿಲ್ಲ, ಯಂತ್ರ ಹೇಳಿದ್ದನ್ನ ಬೆರಳ ಮೇಲೆ ಒಂದು ಸಲ ನೋಡು ವಾಣಿ, ಬೆರಳು ಸುಳ್ಳು ಹೇಳಲ್ಲ. ಬಿದ್ದ ಮೇಲೆ ಬಲಗೈ ಸತ್ತಿತು, ಎಡಗೈ ಉಳಿಯಿತು, ಸ್ಲೇಟು ಕೊಟ್ಟರೆ ಅಕ್ಷರ ಕೂಡುತ್ತಿರಲಿಲ್ಲ, ಒಂದು ಗೆರೆ ಎಳೆದು ಅದನ್ನೇ ನೋಡುತ್ತ ಕೂತು ಸ್ಲೇಟು ಬೀಳಿಸುತ್ತಿದ್ದರು. ಹೋದ ಯುಗಾದಿಗೆ ಮುಂಚೆ ಅವಳು ಯಂತ್ರ ತೆಗೆದ ಮೊದಲ ಹಾಳೆಯನ್ನು ಅವರ ಮುಂದೆ ಕೂತು ಓದಿದಳು, ಓದಿಸದೆ ಅಚ್ಚಿಗೆ ಕೊಡಬಾರದು ಅನ್ನುವುದು ಅವರದೇ ಕಟ್ಟಲೆ, ಸಾಲು ಸಾಲಾಗಿ, ನಿಧಾನವಾಗಿ, ಅವರು ಕಣ್ಣು ಮುಚ್ಚಿ ಕೇಳಿದರು, ಎಡಗೈ ತೊಡೆಯ ಮೇಲೆ, ಕಾರ್ತೀಕ ಬಹುಳ ಪಂಚಮಿ, ಮಂಗಳವಾರ ಅಂದಳು. ಕಣ್ಣು ಬಿಟ್ಟರು. ಹೆಬ್ಬೆರಳು ಉಂಗುರಬೆರಳ ನಡುಗೆಣ್ಣಿಗೆ ಬಂತು, ಒತ್ತಿತು, ಎದ್ದಿತು, ಅದೇ ಗೆಣ್ಣನ್ನು ಮತ್ತೆ ಒತ್ತಿತು, ಒತ್ತಿಯೇ ಇತ್ತು. ಬಾಯಿಂದ ಏನೋ ಸದ್ದು, ಉಬ್ಬಸ ಬಂದಂತೆ. ನೀರು ಬೇಕಾ ಅಣ್ಣಾ ಅಂದಳು. ನೀರಿನ ಲೋಟ ತುಟಿಗಿಟ್ಟಳು, ಮುಖ ಆ ಕಡೆ ತಿರುಗಿಸಿಬಿಟ್ಟರು, ಅಮ್ಮನ ದಿನ ಓದಿದ್ದಕ್ಕೆ ಸಂಕಟವಾಯಿತು ಪಾಪ ಅಂದುಕೊಂಡು ಅವಳು ಮುಂದಿನ ಸಾಲಿಗೆ ಹೋದಳು. ಆಮೇಲೆ ಅದು ದಿನಾ ಶುರುವಾಯಿತು, ಅಡುಗೆಮನೆಯ ಬಾಗಿಲ ಹಿಂದಿನ ಹಾಳೆ ಕಣ್ಣಿಗೆ ಬಿದ್ದರೆ ಸಾಕು, ಒತ್ತುವುದು, ಎತ್ತುವುದು, ಅಲ್ಲೇ ಒತ್ತುವುದು, ಅವಳ ಮುಖ ನೋಡುವುದು. ಡಾಕ್ಟರು ನರದ ಅದುರು ಅಂದರು. ವಂಶಿ ಒಂದು ಸಲ ಬಂದವನು, ಜಪ ಮಾಡ್ತಿದ್ದಾರೆ ಕಣಕ್ಕ, ಪಾಪ, ಎಡಗೈಯಲ್ಲಿ ಅಂದ. ಎಡಗೈಯಲ್ಲಿ ಜಪ! ಸತ್ತರೂ ಮಾಡುವವರಲ್ಲ ಅಣ್ಣ, ಎಡಗೈಯಲ್ಲಿ ಹೂವು ಮುಟ್ಟಿದರೆ ಬೈಯುತ್ತಿದ್ದವರು, ಗೊತ್ತಿದ್ದೂ ಹೌದು ಕಣೋ ಅಂದಳಲ್ಲ, ಅದು ಎಣಿಕೆ ಅಂತ ಹೊಳೆಯಲಿಲ್ಲವಲ್ಲ, ಪ್ರೋಗ್ರಾಮು ಬರೆಯುವವಳಿಗೆ, ನಲವತ್ತು ಹುಡುಗರಿಗೆ ಪಾಠ ಹೇಳುವವಳಿಗೆ. ಒಂದೇ ಗೆಣ್ಣಿಗೆ ಎರಡು ಸಲ. ಒಂದೇ ತಿಥಿ ಎರಡು ದಿನ.

ಮುನಿಗಂಗಮ್ಮ ನೆಲ ಒರೆಸುತ್ತ ಕುರ್ಚಿಯ ಹತ್ತಿರ ಬಂದಿದ್ದಾಳೆ, ಕಾಲೆತ್ತಮ್ಮಾ ಅಂದಳು, ಎತ್ತಿದಳು, ಒದ್ದೆ ಬಟ್ಟೆಯ ತಣ್ಣನೆಯ ವಾಸನೆ, ಒದ್ದೆ ನೆಲ, ಇದೇ ಜಾಗ, ಇದೇ ಕುರ್ಚಿಯ ಎಡಗಡೆ — ಆ ಮಂಗಳವಾರ ವಂಶಿ ಜನಿವಾರ ಎಡಕ್ಕೆ ಹಾಕಿಕೊಂಡು ಕೂತಿದ್ದ, ಎಳ್ಳಿನ ಘಮ, ವಡೆಯ ಘಮ, ಹೊಗೆ, ಅಣ್ಣನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದ್ದರು, ಪಿಂಡ ಇಡುವಾಗ ಕಣ್ಣಿಂದ ದಳದಳ ನೀರು, ಹೆಬ್ಬೆರಳು ಅದೇ ಆಟ, ಬಂದವರೆಲ್ಲ ಎಂಥಾ ದಾಂಪತ್ಯ ಅಂತ ಕಣ್ಣೊರೆಸಿಕೊಂಡರು. ಮಾರನೆಯ ದಿನ ಬುಧವಾರ. ಬೆಳಿಗ್ಗೆಯಿಂದ ಅಣ್ಣ ಬಾಯಿ ಬಿಡಲಿಲ್ಲ, ಗಂಜಿ ಬೇಡ, ಹಾಲು ಬೇಡ, ನಿನ್ನೆಯ ದಣಿವು ಅಂತ ಅವಳು ರಜೆ ಹಾಕಿ ಪಕ್ಕದಲ್ಲೇ ಇದ್ದಳು, ಎರಡು ಗಂಟೆಯ ಹೊತ್ತಿಗೆ ಕಣ್ಣಿನಲ್ಲೇ ಲೋಟ ತೋರಿಸಿದರು, ಸದ್ಯ, ನೀರಾದರೂ ಕೇಳಿದರಲ್ಲ ಅಂತ ಓಡಿ ತಂದುಕೊಟ್ಟಳು, ಕುಡಿಯಲಿಲ್ಲ, ಲೋಟವನ್ನು ತೊಡೆಯ ಸಂದಿಗೆ ಸಿಕ್ಕಿಸಿಕೊಂಡರು, ಎಡಗೈ ಅದರೊಳಗೆ ಅದ್ದಿದರು, ಬೊಗಸೆಯಷ್ಟೂ ಹಿಡಿಯದ ನೀರು, ಕೈ ಹೊರಗೆ ಚಾಚಿದರು, ವಾಲಿಸಿದರು, ಹೆಬ್ಬೆರಳ ಪಕ್ಕದಿಂದ ನೀರು ನೆಲಕ್ಕೆ ಇಳಿಯಿತು, ಮತ್ತೆ ಅದ್ದಿದರು, ಮತ್ತೆ, ಮೂರು ಸಲ. ಚೆಲ್ಲಿಬಿಟ್ರಾ ಅಣ್ಣಾ ಅಂತ ಅವಳು ಲೋಟ ಕಿತ್ತುಕೊಂಡಳು, ಮಗುವಿಗೆ ಗದರಿದ ಹಾಗೆ ಗದರಿದಳು, ಮಂಡಿಯೂರಿ ಆ ನೀರನ್ನು ಒರಸುಬಟ್ಟೆಯಲ್ಲಿ ಒರೆಸಿದಳು. ಒರೆಸಿದಳು. ಬಾಗಿಲಲ್ಲಿ ಇದೇ ಮುನಿಗಂಗಮ್ಮ ನಿಂತಿದ್ದಳು, ಚೆಲ್ಲಿಲ್ಲ ಕಣಮ್ಮ, ಅಯ್ಯನೋರು ಬಿಟ್ರು, ನಾನು ನೋಡ್ದೆ, ನಮ್ಮೂರಾಗೆ ನಮ್ಮಪ್ಪ ಹಿಂಗೇ ಬಿಡೋನು ಅಂದಳು, ಸುಮ್ಮನಿರು ಮುನಿಗಂಗಮ್ಮ ಅಂದಿದ್ದಳು ಅವಳು, ಕೆಲಸ ನೋಡು ಅಂದಿದ್ದಳು. ಎಳ್ಳಿಲ್ಲ, ದರ್ಭೆಯಿಲ್ಲ, ಬಲಗೈಯಿಲ್ಲ, ಮಂತ್ರ ಹೇಳುವ ನಾಲಗೆಯಿಲ್ಲ, ಇದ್ದ ಒಂದೇ ಕೈಯಲ್ಲಿ ಹೆಂಡತಿಗೆ ಸರಿಯಾದ ದಿನ ನೀರು ಬಿಟ್ಟರು. ಅಣ್ಣಾ, ನಾನು ಒರೆಸಿಬಿಟ್ಟೆ ಅಣ್ಣಾ. ಆ ಸಂಜೆಗೆ ಗಂಜಿ ಕುಡಿದರು, ಆಮೇಲೆ ಮುಂದೆಂದೂ ಆ ಬೆರಳು ಆಡಲಿಲ್ಲ, ಅದುರು ವಾಸಿಯಾಯಿತು ಅಂತ ವಂಶಿಗೆ ಫೋನು ಮಾಡಿ ಸಂತೋಷಪಟ್ಟಿದ್ದಳು.

ಯಾಕಮ್ಮಾ, ಹಿಂಗ್ ನೋಡ್ತಾ ಕುಂತಿದ್ದೀರಿ, ನೆಲ ಒಣಗ್ತದೆ ಬಿಡಿ, ಕಾಲಿಡಬಹುದು. ಇಲ್ಲ ಮುನಿಗಂಗಮ್ಮ, ಏನಿಲ್ಲ, ಆವತ್ತು ನೀನು ಹೇಳಿದ್ದು ನಿಜ, ನಾನೇ ಕೇಳಲಿಲ್ಲ. ಯಾವತ್ತಮ್ಮ? ಹೊರಗೆ ಯಾರೋ ಗೇಟಿನ ಚಿಲಕ ಅಲುಗಾಡಿಸಿದರು, ಮೇಡಂ, ಆವಲಪ್ಪ, ರೆಡೀನಾ, ಎರಡೇ ನಿಮಿಷ ಕೂತ್ಕೊಳ್ಳಪ್ಪ, ಕಡತ ತೆಗೆದಳು, ಕೆಳಕ್ಕೆ, ಇನ್ನೂ ಕೆಳಕ್ಕೆ, ರೇಪು ಚೆಪ್ತಾನು ಅನ್ನುವ ಸಾಲು ಹಾಗೇ ಇದೆ, ಅದನ್ನು ಅಳಿಸಲಿಲ್ಲ, ಅದರ ಕೆಳಗೆ ಒಂದೇ ಒಂದು ಸಾಲು, ಉತ್ತರ ಒಂದು, ಮರುದಿನ. ಕಂಪೈಲ್ ಬೇಕಿಲ್ಲ, ಮನೆ ಕೆಡವಬೇಕಿಲ್ಲ, ಓಡಿಸಿದಳು, ಚೈತ್ರ ಓಡಿತು, ಶ್ರಾವಣ, ಆಶ್ವೀಜ, ಕಾರ್ತೀಕ ಬಹುಳ ಪಂಚಮಿ ಬುಧವಾರ, ನಿಲ್ಲದೆ ಮುಂದಕ್ಕೆ ಹೋಯಿತು, ಹೊಸ ವರ್ಷವನ್ನೂ ಓಡಿಸಿದಳು, ವೈಶಾಖದ ಆ ಮನೆಯವರದೂ ಮರುದಿನಕ್ಕೆ ಬಂತು, ಫ್ಲಾಪಿ ಗರಗರ ಅಂತ ತುಂಬಿಕೊಂಡಿತು, ಆವಲಪ್ಪ ಶರ್ಟಿನ ಜೇಬಿಗೆ ಹಾಕಿಕೊಂಡು ಬರ್ತೀನಿ ಮೇಡಂ ಅಂತ ಹೊರಟ. ಹಾಳೆ ಸರಿಹೋಯಿತು. ವಂಶಿಗೆ ಹೇಳದೆ ಇದ್ದುಬಿಡಬಹುದು, ಯಾರು ನೋಡ್ತಾರೆ, ಹೋದ ವರ್ಷದ್ದು ಹೋಯಿತು, ಆದರೆ ನಂಬರು ತಿರುಗಿಸುತ್ತಿದೆ ಕೈ, ರಿಂಗು ಹೋಗುತ್ತಿದೆ, ಹಲೋ ಅಕ್ಕಾ. ವಂಶಿ, ಅಮ್ಮನ ದಿನ ಹೋದ ಸಲ ಮಂಗಳವಾರ ಅಲ್ಲ ಕಣೋ, ಬುಧವಾರ ಆಗಬೇಕಿತ್ತು, ತಪ್ಪು ನಂದು. ಗರ್ರ್ ಅಂತ ತಂತಿಯ ಸದ್ದು, ಆಮೇಲೆ ಮೆಲ್ಲಗೆ, ಯಾರಕ್ಕ ಹೇಳಿದ್ದು? ಅಣ್ಣ. ಅಣ್ಣ ಯಾವಾಗ ಹೇಳಿದ್ರು? ಅವಳು ಬಾಯಿ ತೆರೆದಳು, ಯುಗಾದಿಗೆ ಮುಂಚೆ ಅನ್ನಬೇಕು, ದಿನಾ ಹೇಳುತ್ತಿದ್ದರು ಅನ್ನಬೇಕು, ಅಕ್ಕಾ, ಇದ್ದೀಯಾ, ಇದ್ದೀನಿ, ಒದ್ದೆ ನೆಲ ಕುರ್ಚಿಯ ಎಡಗಡೆ ಇನ್ನೂ ಆರಿಲ್ಲ, ಅಣ್ಣನ ಹೆಬ್ಬೆರಳು ನಡುಗೆಣ್ಣನ್ನು ಒತ್ತುತ್ತದೆ, ಏಳುತ್ತದೆ, ಅದೇ ಗೆಣ್ಣನ್ನು ಮತ್ತೆ ಒತ್ತುತ್ತದೆ, ಅಲ್ಲೇ ಇದೆ, ಅವಳ ಮುಖ ನೋಡುತ್ತ, ಅಲ್ಲೇ